ಹಿಂದಿನ ಚಕ್ರಕ್ಕೆ ದಪ್ಪ ಟೈರ್: ಆ 20 ಮಿಲಿಮೀಟರ್ ಎಲ್ಲಿಂದ ಬರುತ್ತೆ?

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಬೈಕ್ ಓಡಿಸ್ತಾ ಕೇಳ್ತಾ ಇದ್ದರೆ ದಯವಿಟ್ಟು ಇಲ್ಲಿಗೇ ನಿಲ್ಲಿಸಿ, ಮನೆ ಸೇರಿದ ಮೇಲೆ ಕೇಳಿ. ಸಂಚಿಕೆ ಎಲ್ಲೂ ಹೋಗಲ್ಲ.

ಇವತ್ತಿನ ವಿಷಯ ನೀವೇ ಕೊಟ್ಟಿದ್ದು. ಹಾಸನದಿಂದ ಒಬ್ಬ ಕೇಳುಗ ವಾಯ್ಸ್ ಮೆಸೇಜ್ ಕಳಿಸಿದ್ದಾರೆ. ಅವರ ಮಾತಲ್ಲೇ ಹೇಳ್ತೀನಿ: "ಅಣ್ಣಾ, ನನ್ನ ಹತ್ರ ಮೀಟಿಯರ್ 350 ಇದೆ. ಹಿಂದೆ 180 ಟೈರ್ ಹಾಕಿಸಬೇಕು ಅಂತ ತುಂಬಾ ದಿನದ ಆಸೆ. ಗ್ಯಾರೇಜಲ್ಲಿ ಕೇಳಿದೆ, ಕಿಟ್ ಬರುತ್ತೆ, ಎರಡು ದಿನದ ಕೆಲಸ ಅಂದ್ರು. ನನ್ನ ಒಂದೂವರೆ ತಿಂಗಳ ಸಂಬಳ ಆಗುತ್ತೆ. ದಿನಾ ತಂಗೀನ ಕಾಲೇಜಿಗೆ ಬಿಟ್ಟು ಕೆಲಸಕ್ಕೆ ಹೋಗೋದು ಇದೇ ಗಾಡೀಲಿ. ಹಾಕಿಸ್ಲಾ ಬೇಡ್ವಾ?"

ಒಳ್ಳೆ ಪ್ರಶ್ನೆ. ಹೌದು ಅಥವಾ ಇಲ್ಲ ಅಂತ ಒಂದೇ ಮಾತಲ್ಲಿ ಹೇಳಿಬಿಡಬಹುದು. ಆದರೆ ಯಾಕೆ ಅಂತ ಗೊತ್ತಾಗದೆ ಇದ್ದರೆ ನಾಳೆ ಇನ್ನೊಂದು ಗ್ಯಾರೇಜಿನವರು ಬೇರೆ ಏನೋ ಹೇಳ್ತಾರೆ, ಮನಸ್ಸು ಮತ್ತೆ ಅತ್ತ ವಾಲುತ್ತೆ. ಅದಕ್ಕೇ ಈ ಕಿಟ್ ಅಂದ್ರೆ ಏನು, ಅದನ್ನ ಹಾಕೋವಾಗ ಗಾಡಿಯಲ್ಲಿ ಏನೇನು ಬದಲಾಗುತ್ತೆ ಅಂತ ಮೊದಲಿಂದ ನೋಡೋಣ. ನಾನು ಮೆಕ್ಯಾನಿಕ್ ಅಲ್ಲ. ಪ್ರದರ್ಶನಕ್ಕೆ ಅಂತಲೇ ಕಟ್ಟುತ್ತಿದ್ದ ಒಂದು ಹಳೇ ಥಂಡರ್‌ಬರ್ಡ್‌ಗೆ ಇಂಥ ಕೆಲಸ ಮಾಡೋದನ್ನ ಬೆಂಗಳೂರಿನ ಗ್ಯಾರೇಜೊಂದರಲ್ಲಿ ಎರಡು ದಿನ ಕೂತು ನೋಡಿದ್ದೀನಿ. ಅಲ್ಲಿ ಕಂಡದ್ದನ್ನೂ ಸೇರಿಸ್ತೀನಿ.

ಈ ಆಸೆ ಎಲ್ಲಿಂದ ಬಂತು?

ದಪ್ಪ ಟೈರ್ ಹುಚ್ಚು ಹುಟ್ಟಿದ್ದು ಅಮೆರಿಕದಲ್ಲಿ. ಅಲ್ಲಿ ಹಾರ್ಲೆ ಡೇವಿಡ್‌ಸನ್ ಸಾಫ್ಟೇಲ್ ಥರದ ಗಾಡಿಗಳನ್ನ ಬಿಚ್ಚಿ, ಹಿಂದೆ ಕಾರಿನ ಟೈರಿನಷ್ಟು ಅಗಲದ ಟೈರ್ ಕೂರಿಸೋ ಚಾಪರ್ ಗ್ಯಾರೇಜುಗಳು 1990ರ ದಶಕದ ಕೊನೆಯಿಂದ ಹೆಸರು ಮಾಡಿದವು. 2003ರಲ್ಲಿ ಡಿಸ್ಕವರಿ ಚಾನೆಲ್‌ನಲ್ಲಿ 'ಅಮೆರಿಕನ್ ಚಾಪರ್' ಶುರುವಾದ ಮೇಲೆ ಇದು ಜಗತ್ತಿನ ಮನೆಮನೆಗೂ ತಲುಪಿತು. ನಮ್ಮಲ್ಲೂ ಕೇಬಲ್ ಟಿವಿಯಲ್ಲಿ ಅದನ್ನ ನೋಡಿಕೊಂಡು ಬೆಳೆದವರು ಸಾಕಷ್ಟು ಜನ ಇದ್ದಾರೆ.

ಆಮೇಲೆ ಕಂಪನಿಗಳೇ ಆ ದಾರಿಗೆ ಬಂದವು. ಟ್ರಯಂಫ್ 2004ರಲ್ಲಿ ರಾಕೆಟ್ 3 ಬಿಟ್ಟಾಗ ಅದರ ಹಿಂದಿನ ಟೈರ್ 240. ಹಾರ್ಲೆ 2008ರಲ್ಲಿ ರಾಕರ್, 2013ರಲ್ಲಿ ಬ್ರೇಕ್‌ಔಟ್ ಎರಡಕ್ಕೂ 240 ಹಾಕಿತು. 2018ರ ಫ್ಯಾಟ್ ಬಾಯ್‌ಗೂ ಅದೇ. ಒಂದು ವಿಷಯ ನೆನಪಿಟ್ಟುಕೊಳ್ಳಿ: ಈ ಗಾಡಿಗಳಲ್ಲಿ ಫ್ರೇಮು, ಸ್ವಿಂಗ್ ಆರ್ಮ್, ಬೆಲ್ಟ್ ಹೋಗೋ ದಾರಿ ಎಲ್ಲವನ್ನೂ ಆ ಟೈರಿಗೆ ಅಂತಲೇ ವಿನ್ಯಾಸ ಮಾಡಿರ್ತಾರೆ. ಬೇರೆ ಗಾಡಿಗೆ ಅದನ್ನೆಲ್ಲ ಹೊರಗಿಂದ ತಂದು ಜೋಡಿಸೋದೇ ಕನ್ವರ್ಷನ್ ಕಿಟ್.

ಟೈರ್ ಮೇಲಿನ ನಂಬರ್

ಮೀಟಿಯರ್ 350ರ ಹಿಂದಿನ ಟೈರ್ ಮೇಲೆ 140/70-17 ಅಂತ ಬರೆದಿರುತ್ತೆ. 140 ಅಂದ್ರೆ ಟೈರಿನ ಅಗಲ, ಮಿಲಿಮೀಟರ್ ಲೆಕ್ಕದಲ್ಲಿ. 70 ಅಂದ್ರೆ ಆ ಅಗಲದ ಶೇ 70ರಷ್ಟು ಟೈರಿನ ಪಕ್ಕದ ಎತ್ತರ, ಅಂದ್ರೆ 98 ಮಿ.ಮೀ. 17 ಅಂದ್ರೆ ರಿಮ್ಮಿನ ವ್ಯಾಸ, ಇಂಚಿನಲ್ಲಿ.

ಈಗ ನಮ್ಮ ಹಾಸನದ ಗೆಳೆಯರು ಕೇಳ್ತಿರೋ 180ರ ಟೈರ್ ತಗೊಳ್ಳಿ. ಮಾರುಕಟ್ಟೆಯಲ್ಲಿ ಸುಲಭವಾಗಿ ಸಿಗೋದು 180/55-17. ಇದರ ಪಕ್ಕದ ಎತ್ತರ 99 ಮಿ.ಮೀ. ಹಾಗಾಗಿ ಎರಡೂ ಟೈರಿನ ಒಟ್ಟು ಎತ್ತರ ಹೆಚ್ಚುಕಮ್ಮಿ ಒಂದೇ. ಒಂದು 628 ಮಿ.ಮೀ., ಇನ್ನೊಂದು 630. ಗ್ಯಾರೇಜಿನವರು "ಸೈಜ್ ಸೇಮ್ ಬರುತ್ತೆ ಬಿಡಿ" ಅಂದರೆ ಅದು ಎತ್ತರದ ಮಟ್ಟಿಗೆ ನಿಜ.

ಅಗಲದ ಮಟ್ಟಿಗೆ ಅಲ್ಲ. ಅಗಲ 40 ಮಿ.ಮೀ. ಜಾಸ್ತಿ. ಚಕ್ರವನ್ನ ಮಧ್ಯದಲ್ಲೇ ಇಟ್ಟರೆ ಎಡಕ್ಕೆ 20, ಬಲಕ್ಕೆ 20. ಈ ಇಡೀ ಸಂಚಿಕೆ ಇರೋದು ಆ 20 ಮಿಲಿಮೀಟರ್ ಬಗ್ಗೆ. ಕೇಳೋಕೆ ಹೆಬ್ಬೆರಳಿನಷ್ಟು ಅಗಲ. ಆದರೆ ಗಾಡಿಯಲ್ಲಿ ಅಷ್ಟು ಖಾಲಿ ಜಾಗ ಇರಲ್ಲ. ಟೈರಿನ ಒಂದು ಪಕ್ಕ ಚೈನು ಓಡ್ತಾ ಇರುತ್ತೆ, ಇನ್ನೊಂದು ಪಕ್ಕ ಬ್ರೇಕ್ ಡಿಸ್ಕು, ಕ್ಯಾಲಿಪರ್. ಎರಡೂ ಕಡೆ ಸ್ವಿಂಗ್ ಆರ್ಮಿನ ಕೈಗಳು. ಮೇಲೆ ಮಡ್‌ಗಾರ್ಡು. ಆ 20 ಮಿ.ಮೀ. ಬೇಕಾದರೆ ಇವರಲ್ಲಿ ಪ್ರತಿಯೊಬ್ಬರೂ ಸರಿದು ಕೂರಬೇಕು.

ಕಿಟ್ಟಿನ ಡಬ್ಬದಲ್ಲಿ ಏನಿರುತ್ತೆ?

ಸರಿಯಾದ ಕಿಟ್ ಅಂದ್ರೆ ಮೊದಲನೆಯದು ಅಗಲವಾದ ರಿಮ್. 180/55 ಟೈರಿಗೆ ಸಾಮಾನ್ಯವಾಗಿ 5.5 ಇಂಚು ಅಗಲದ ರಿಮ್ ಬೇಕು. 140ರ ಟೈರ್ ಕೂತಿದ್ದ ರಿಮ್ಮು ಅದಕ್ಕಿಂತ ಸಾಕಷ್ಟು ಕಿರಿದು. ಹಳೇ ರಿಮ್ಮಿಗೇ ದಪ್ಪ ಟೈರ್ ತುರುಕಿದರೆ ಟೈರಿನ ಎರಡೂ ಪಕ್ಕ ಒಳಕ್ಕೆ ಹಿಂಡಿದ ಹಾಗಾಗಿ ಮೇಲ್ಮೈ ಗೋಪುರದ ಥರ ಚೂಪಾಗುತ್ತೆ. ಅಗಲ ಅಂತ ದುಡ್ಡು ಕೊಟ್ಟ ಭಾಗ ನೆಲವನ್ನೇ ಮುಟ್ಟಲ್ಲ. ಟೈರಿನ ಅಂಚು ರಿಮ್ಮಿನಲ್ಲಿ ಸರಿಯಾಗಿ ಕಚ್ಚಿಕೊಂಡಿರಲ್ಲ.

ಎರಡನೆಯದು ಅಗಲವಾದ ಸ್ವಿಂಗ್ ಆರ್ಮ್. ಮೂರನೆಯದು ಉದ್ದದ ಆಕ್ಸೆಲ್, ಅಳತೆಗೆ ಕಡೆದ ಸ್ಪೇಸರ್‌ಗಳು, ಬ್ರೇಕ್ ಕ್ಯಾಲಿಪರ್‌ನ ಹೊಸ ಬ್ರಾಕೆಟ್. ನಾಲ್ಕನೆಯದು ಚೈನನ್ನ ಹೊರಕ್ಕೆ ಸರಿಸೋ ಆಫ್‌ಸೆಟ್ ಸ್ಪ್ರಾಕೆಟ್. ಐದನೆಯದು ಅಗಲದ ಮಡ್‌ಗಾರ್ಡು ಮತ್ತು ಅದನ್ನ ಹಿಡಿಯೋ ಪಟ್ಟಿಗಳು.

ಇದರಲ್ಲಿ ನಾಲ್ಕನೆಯದೇ ತಲೆನೋವು. ಇಂಜಿನ್ ಕಡೆಯ ಸಣ್ಣ ಸ್ಪ್ರಾಕೆಟ್, ಹಿಂದಿನ ಚಕ್ರದ ದೊಡ್ಡ ಸ್ಪ್ರಾಕೆಟ್ ಎರಡೂ ಒಂದೇ ನೇರದಲ್ಲಿ ಇರಲೇಬೇಕು. ಹಿಂದಿನದನ್ನ 20 ಮಿ.ಮೀ. ಹೊರಕ್ಕೆ ತಂದರೆ ಮುಂದಿನದನ್ನೂ ಅಷ್ಟೇ ಹೊರಕ್ಕೆ ತರಬೇಕು. ಗೇರ್‌ಬಾಕ್ಸಿನ ಶಾಫ್ಟ್ ಮೇಲೆ ಸ್ಪ್ರಾಕೆಟ್ ಹೊರಕ್ಕೆ ಹೋದಷ್ಟೂ ಒಳಗಿನ ಬೇರಿಂಗ್ ಮೇಲೆ ಭಾರ ಜಾಸ್ತಿ. ಬಾವಿಯಿಂದ ನೀರು ಸೇದುವಾಗ ಕೊಡವನ್ನ ಮೈಗೆ ಹತ್ತಿರ ಹಿಡಿಯೋದಕ್ಕೂ ಕೈ ಚಾಚಿ ಹಿಡಿಯೋದಕ್ಕೂ ಇರೋ ವ್ಯತ್ಯಾಸ ಇದು. ದಿನ ಕಳೆದ ಹಾಗೆ ಆಯಿಲ್ ಸೀಲ್ ಸೋರೋಕೆ ಶುರುವಾಗುತ್ತೆ, ಆಮೇಲೆ ಬೇರಿಂಗ್ ಸದ್ದು.

ಹಾರ್ಲೆ ಸಾಫ್ಟೇಲ್‌ನಲ್ಲೂ ಇದೇ ಸಮಸ್ಯೆ. ಅಲ್ಲಿ ಚೈನಿನ ಬದಲು ಬೆಲ್ಟ್ ಇದೆ, ಅದು ಎಡಗಡೆ ಓಡುತ್ತೆ. ಕೆಲವು ಕಿಟ್ಟುಗಳಲ್ಲಿ ಕಿರಿದಾದ ಬೆಲ್ಟ್ ಕೊಟ್ಟು ಜಾಗ ಉಳಿಸ್ತಾರೆ. ಕೆಲವದರಲ್ಲಿ ಇಂಜಿನ್ ಮತ್ತು ಪ್ರೈಮರಿ ಕೇಸ್ ನಡುವೆ ಸ್ಪೇಸರ್ ಹಾಕಿ ಇಡೀ ಪ್ರೈಮರಿಯನ್ನೇ ಹೊರಕ್ಕೆ ತರ್ತಾರೆ. ಇನ್ನೂ ದಪ್ಪ ಟೈರ್ ಬೇಕು ಅನ್ನೋರಿಗೆ ಬೆಲ್ಟನ್ನೇ ಬಲಗಡೆಗೆ ತರೋ ಬೇರೆ ಗೇರ್‌ಬಾಕ್ಸ್ ಸಿಗುತ್ತೆ. ಭಾರವೆಲ್ಲ ಎಡಕ್ಕೇ ವಾಲೋದನ್ನ ತಪ್ಪಿಸೋಕೆ ಆ ಉಪಾಯ. ಟೈರ್ ಬದಲಾಯಿಸೋಕೆ ಹೋಗಿ ಗೇರ್‌ಬಾಕ್ಸ್ ತನಕ ಬಂದು ನಿಲ್ಲೋದು ಅಂದ್ರೆ ಹೀಗೆ.

ಕೆಲಸ ನಡೆಯೋ ಕ್ರಮ

ನಾನು ನೋಡಿದ ಗ್ಯಾರೇಜಿನಲ್ಲಿ ಮೊದಲ ಅರ್ಧ ದಿನ ಯಾರೂ ಸ್ಪ್ಯಾನರ್ ಮುಟ್ಟಲಿಲ್ಲ. ಬರೀ ಅಳತೆ. ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕೆ ಎರಡೂ ಪಕ್ಕ ದಾರ ಎಳೆದು, ಗಾಡಿಯ ನಡುಗೆರೆ ಎಲ್ಲಿ ಬರುತ್ತೆ ಅಂತ ಗುರುತು ಹಾಕಿಕೊಂಡರು. "ಬಿಚ್ಚಿದ ಮೇಲೆ ಅಳತೆ ಯಾರು ಕೊಡ್ತಾರೆ ಭಾಯ್?" ಅಂದ್ರು ಮೇಸ್ತ್ರಿ.

ಆಮೇಲೆ ಗಾಡಿಯನ್ನ ಫ್ರೇಮಿನ ಕೆಳಗೆ ಆಧಾರ ಕೊಟ್ಟು ಎತ್ತಿದರು. ಸೀಟು, ಮಡ್‌ಗಾರ್ಡು, ಟೇಲ್ ಲ್ಯಾಂಪ್ ವೈರು, ಚೈನು, ಚಕ್ರ, ಶಾಕ್ ಅಬ್ಸಾರ್ಬರ್, ಕೊನೆಗೆ ಸ್ವಿಂಗ್ ಆರ್ಮ್ ಬಿಚ್ಚಿದರು. ಹೊಸ ಸ್ವಿಂಗ್ ಆರ್ಮ್ ಕೂರಿಸೋವಾಗ ಪಿವಟ್ ಬೋಲ್ಟಿಗೆ ಗ್ರೀಸ್ ಹಾಕಿ, ಟಾರ್ಕ್ ರೆಂಚಲ್ಲೇ ಬಿಗಿ ಮಾಡಿದರು. ಈ ಬೋಲ್ಟ್ ಸಡಿಲ ಇದ್ದರೆ ಹಿಂದಿನ ಚಕ್ರ ತನ್ನಿಷ್ಟಕ್ಕೆ ಅಲ್ಲಾಡುತ್ತೆ.

ನಂತರ ಚಕ್ರ, ಸ್ಪೇಸರ್, ಕ್ಯಾಲಿಪರ್. ಇಲ್ಲಿ ಒಂದು ಸೂಕ್ಷ್ಮ ಇದೆ. ಚೈನಿಗೆ ಜಾಗ ಸಿಗದಿದ್ದರೆ ಕೆಲವರು ಇಡೀ ಚಕ್ರವನ್ನೇ ಇನ್ನೊಂದು ಪಕ್ಕಕ್ಕೆ ಐದೋ ಹತ್ತೋ ಮಿ.ಮೀ. ಸರಿಸಿಬಿಡ್ತಾರೆ. ನೋಡೋಕೆ ಗೊತ್ತಾಗಲ್ಲ. ಆದರೆ ಮುಂದಿನ ಚಕ್ರ ಒಂದು ಗೆರೆಯಲ್ಲಿ, ಹಿಂದಿನದು ಇನ್ನೊಂದು ಗೆರೆಯಲ್ಲಿ ಓಡ್ತಾ ಇರುತ್ತೆ. ಹ್ಯಾಂಡಲ್ ಒಂದು ಕಡೆ ಎಳೆಯುತ್ತೆ. ಮೊದಲು ಎಳೆದ ದಾರದ ಗುರುತು ಕೆಲಸಕ್ಕೆ ಬರೋದು ಇಲ್ಲೇ.

ಕೊನೆಯ ಪರೀಕ್ಷೆ ಎಲ್ಲಕ್ಕಿಂತ ಮುಖ್ಯ. ಶಾಕ್ ಅಬ್ಸಾರ್ಬರ್ ಹಾಕೋ ಮುಂಚೆ ಸ್ವಿಂಗ್ ಆರ್ಮನ್ನ ಕೈಯಲ್ಲಿ ಎತ್ತಿ, ಅದು ಎಷ್ಟು ಮೇಲೆ ಹೋಗಬಹುದೋ ಅಲ್ಲಿ ತನಕ ಒಯ್ದು ನೋಡಬೇಕು. ಟೈರು ಮಡ್‌ಗಾರ್ಡಿಗೆ, ಬೋಲ್ಟಿನ ತುದಿಗೆ, ವೈರಿಗೆ ತಾಗಬಾರದು. ನಿಂತ ಗಾಡಿಯಲ್ಲಿ ಜಾಗ ಇದೆ ಅನಿಸಿದರೂ, ಇಬ್ಬರು ಕೂತು ಹಂಪ್ ಇಳಿದಾಗ ಅದೇ ಜಾಗ ಮಾಯವಾಗುತ್ತೆ. ಮಡ್‌ಗಾರ್ಡ್ ಒಳಗಿನ ಟೇಲ್ ಲ್ಯಾಂಪ್ ವೈರ್ ಉಜ್ಜಿ ಕತ್ತರಿಸಿದರೆ ರಾತ್ರಿ ಹೊತ್ತು ನಿಮ್ಮ ಹಿಂದೆ ಬರೋ ಲಾರಿಯವನಿಗೆ ನೀವು ಕಾಣೋದೇ ಇಲ್ಲ.

ಮೀಟಿಯರ್ ಥರದ ಡ್ಯುಯಲ್ ಚಾನೆಲ್ ಎಬಿಎಸ್ ಗಾಡಿಯಲ್ಲಿ ಇನ್ನೊಂದು ಕೆಲಸ ಇದೆ. ಚಕ್ರದ ವೇಗ ಓದೋ ಸೆನ್ಸರು, ಅದರ ಎದುರಿನ ಹಲ್ಲಿನ ರಿಂಗು ಎರಡೂ ಹೊಸ ಚಕ್ರಕ್ಕೆ ಅದೇ ಅಂತರದಲ್ಲಿ ಬರಬೇಕು. ಇದನ್ನ ಬಿಟ್ಟರೆ ಡ್ಯಾಶ್‌ಬೋರ್ಡಲ್ಲಿ ಎಬಿಎಸ್ ದೀಪ ಉರೀತಾ ಇರುತ್ತೆ, ಬ್ರೇಕ್ ಹಿಡಿದಾಗ ಎಬಿಎಸ್ ಇರಲ್ಲ.

ಜುಗಾಡು ಮಾಡಿದರೆ?

ಕಿಟ್ ದುಬಾರಿ ಅಂತ ನಮ್ಮಲ್ಲಿ ಅಡ್ಡದಾರಿ ಹಿಡಿಯೋರು ಇದ್ದಾರೆ. ಸ್ವಿಂಗ್ ಆರ್ಮಿನ ಒಳಭಾಗವನ್ನ ಗ್ರೈಂಡರ್‌ನಲ್ಲಿ ಸವೆಸಿ ಜಾಗ ಮಾಡೋದು, ಇಲ್ಲವೇ ಅದನ್ನ ಕತ್ತರಿಸಿ ಮಧ್ಯೆ ತುಂಡು ಸೇರಿಸಿ ವೆಲ್ಡ್ ಮಾಡಿಸೋದು. ಗೇಟು, ಗ್ರಿಲ್ಲು ವೆಲ್ಡ್ ಮಾಡೋದು ಬೇರೆ, ಇದು ಬೇರೆ. ಸ್ವಿಂಗ್ ಆರ್ಮ್ ಪ್ರತಿ ಗುಂಡಿಗೂ ತಿರುಚಿಕೊಳ್ಳುತ್ತೆ, ಬಾಗುತ್ತೆ, ವಾಪಸ್ ಬರುತ್ತೆ. ವೆಲ್ಡಿಂಗಿನ ಪಕ್ಕದ ಲೋಹ ಬಿಸಿಯಲ್ಲಿ ಗುಣ ಬದಲಿಸಿರುತ್ತೆ. ಬಿರುಕು ಶುರುವಾಗೋದು ಅಲ್ಲೇ, ಬಣ್ಣದ ಕೆಳಗೆ, ಯಾರ ಕಣ್ಣಿಗೂ ಬೀಳದ ಹಾಗೆ. ಅದು ಮುರಿಯೋದು ಗ್ಯಾರೇಜಲ್ಲಿ ಅಲ್ಲ, ಓಡ್ತಾ ಇರೋವಾಗ.

ದಪ್ಪ ಟೈರ್ ಇದ್ದರೆ ಗ್ರಿಪ್ ಜಾಸ್ತಿ ಅಲ್ವಾ?

ಇದು ನಾನು ಅತಿ ಹೆಚ್ಚು ಕೇಳಿರೋ ಮಾತು. ಒಂದು ಸಣ್ಣ ಲೆಕ್ಕ ಮಾಡೋಣ. ಇಬ್ಬರು ಕೂತಾಗ ಹಿಂದಿನ ಚಕ್ರದ ಮೇಲೆ 200 ಕೆ.ಜಿ. ಭಾರ ಇದೆ ಅಂದುಕೊಳ್ಳಿ. ಗಾಳಿ 32 ಪಿಎಸ್‌ಐ, ಅಂದ್ರೆ ಒಂದು ಚದರ ಸೆಂಟಿಮೀಟರ್‌ಗೆ ಸುಮಾರು ಎರಡೂಕಾಲು ಕೆ.ಜಿ. ಒತ್ತಡ. ಭಾಗಿಸಿದರೆ ಸರಿಸುಮಾರು 90 ಚದರ ಸೆಂ.ಮೀ. ನೆಲ ಮುಟ್ಟೋ ಭಾಗ ಅಷ್ಟೇ, ಹೆಚ್ಚುಕಮ್ಮಿ ನಿಮ್ಮ ಅಂಗೈಯಷ್ಟು. ಟೈರ್ ದಪ್ಪ ಮಾಡಿದರೂ ಭಾರ ಅದೇ, ಗಾಳಿ ಅದೇ ಆದರೆ ಈ ಲೆಕ್ಕ ಹೆಚ್ಚು ಬದಲಾಗಲ್ಲ. ಉದ್ದುದ್ದ ಇದ್ದ ಅಂಗೈ ಅಡ್ಡಡ್ಡ ಆಗುತ್ತೆ, ಅಷ್ಟೇ. ಗ್ರಿಪ್ ನಿರ್ಧಾರ ಆಗೋದು ಬಹುಪಾಲು ರಬ್ಬರಿನ ಗುಣದಿಂದ, ಸರಿಯಾದ ಗಾಳಿಯಿಂದ. ಮಳೆಯಲ್ಲಂತೂ ಅಡ್ಡಡ್ಡ ಇರೋ ಟೈರು ನೀರನ್ನ ಪಕ್ಕಕ್ಕೆ ತಳ್ಳೋಕೆ ಹೆಚ್ಚು ಕಷ್ಟಪಡುತ್ತೆ. ನೀರಿನ ಮೇಲೆ ತೇಲೋ ಸಾಧ್ಯತೆ ಜಾಸ್ತಿ.

ಇನ್ನು ತಿರುವು. ಬೈಕ್ ವಾಲಿದಾಗ ನೆಲ ಮುಟ್ಟೋ ಜಾಗ ಟೈರಿನ ಮಧ್ಯದಿಂದ ಪಕ್ಕಕ್ಕೆ ಸರಿಯುತ್ತೆ. ಟೈರ್ ದಪ್ಪ ಇದ್ದಷ್ಟೂ ಜಾಸ್ತಿ ಸರಿಯುತ್ತೆ. ಅದನ್ನ ಸರಿದೂಗಿಸೋಕೆ ಅದೇ ತಿರುವಿಗೆ, ಅದೇ ವೇಗಕ್ಕೆ ಗಾಡಿ ಇನ್ನಷ್ಟು ವಾಲಬೇಕು. 25 ಮೀಟರ್ ತ್ರಿಜ್ಯದ ತಿರುವು, ಗಂಟೆಗೆ 40 ಕಿ.ಮೀ. ವೇಗ, ಭಾರದ ಕೇಂದ್ರ ನೆಲದಿಂದ 55 ಸೆಂ.ಮೀ. ಅಂತ ಇಟ್ಟುಕೊಂಡು ಲೆಕ್ಕ ಹಾಕಿದೆ. 140ರ ಟೈರಿಗೆ ಸುಮಾರು 30 ಡಿಗ್ರಿ ವಾಲಿದರೆ ಸಾಕು. 180ಕ್ಕೆ 32ರ ಹತ್ತಿರ. 240ಕ್ಕೆ 34. ದೊಡ್ಡ ವ್ಯತ್ಯಾಸ ಅಲ್ಲ ಅನಿಸಬಹುದು. ಆದರೆ ಕ್ರೂಸರ್‌ಗಳ ಫುಟ್‌ಪೆಗ್ ತಗ್ಗಿನಲ್ಲಿರುತ್ತೆ. ಹೆಚ್ಚಿನವು 30 ಡಿಗ್ರಿ ಆಸುಪಾಸಿನಲ್ಲೇ ನೆಲ ಕೆರೆಯೋಕೆ ಶುರು ಮಾಡುತ್ತವೆ. ಅಂದ್ರೆ ಮಿತಿಯ ಅಂಚಿನಲ್ಲಿದ್ದವರನ್ನ ಆ ಎರಡು ಡಿಗ್ರಿ ಆಚೆಗೆ ತಳ್ಳುತ್ತೆ.

ಆಗುಂಬೆ ಘಾಟಿಯ 14 ಹೇರ್‌ಪಿನ್ ತಿರುವುಗಳನ್ನ ನೆನಪಿಸಿಕೊಳ್ಳಿ. ಮುಂದೆ ಸಣ್ಣ ಟೈರು, ಹಿಂದೆ ದಪ್ಪ ಟೈರು. ಮುಂದಿನ ಚಕ್ರ ತಿರುಗೋಕೆ ರೆಡಿ, ಹಿಂದಿನದು ನೆಟ್ಟಗೆ ನಿಲ್ಲೋಕೆ ಹಟ ಹಿಡಿಯುತ್ತೆ. ಹ್ಯಾಂಡಲ್ ಒತ್ತಿ ಹಿಡಿದೇ ತಿರುಗಿಸಬೇಕು. ಬೆಂಗಳೂರಿನ ವೈಟ್ ಟಾಪಿಂಗ್ ರಸ್ತೆಯ ಅಂಚನ್ನ ದಪ್ಪ ಟೈರಿನ ಒಂದೇ ಪಕ್ಕ ಹತ್ತಿದರೂ ಇಡೀ ಗಾಡಿ ಅತ್ತಕಡೆ ಜಗ್ಗುತ್ತೆ.

ಹಾಗಾದ್ರೆ ಕಂಪನಿಗಳು ಯಾಕೆ ಹಾಕ್ತಾವೆ? ಚೆಂದಕ್ಕೆ. ಅದರಲ್ಲಿ ತಪ್ಪೇನಿಲ್ಲ. ಅವರು ಆ ಚೆಂದಕ್ಕೆ ತಕ್ಕ ಹಾಗೆ ಇಡೀ ಗಾಡಿಯನ್ನ ಹೊಂದಿಸಿ, ಪರೀಕ್ಷೆ ಮಾಡಿ, ಸರ್ಟಿಫಿಕೇಟ್ ಪಡೆದು ಮಾರ್ತಾರೆ.

ಕಾನೂನು ಏನು ಹೇಳುತ್ತೆ?

1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ತಯಾರಕರು ಮೂಲದಲ್ಲಿ ಹೇಳಿದ್ದಕ್ಕೂ ಆರ್‌ಸಿಯಲ್ಲಿ ಇರೋದಕ್ಕೂ ಹೊಂದದ ಹಾಗೆ ವಾಹನ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿ ಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ 182ಎ ಕಲಂ ಬಂತು. ಅನುಮತಿ ಇಲ್ಲದ ಬದಲಾವಣೆ ಮಾಡಿದ ಮಾಲೀಕರಿಗೆ ಆರು ತಿಂಗಳವರೆಗೆ ಜೈಲು, ಅಥವಾ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಅಥವಾ ಎರಡೂ. ಸ್ವಿಂಗ್ ಆರ್ಮ್, ರಿಮ್, ಮಡ್‌ಗಾರ್ಡ್ ಅಂತ ನೀವೇ ಬೆರಳು ಮಡಚಿ ಎಣಿಸಿ.

ದಂಡ ಕಟ್ಟಿ ಸುಮ್ಮನಾಗಬಹುದು ಅಂತ ಯಾರಾದರೂ ಅಂದರೆ, ವಿಮೆಯ ಬಗ್ಗೆ ಯೋಚಿಸಿ ಅಂತ ಹೇಳಿ. ಅಪಘಾತ ಆದ ಮೇಲೆ ಸರ್ವೇಯರ್ ಬಂದು ಗಾಡಿ ನೋಡ್ತಾರೆ. ಹೇಳದೆ ಮಾಡಿಸಿದ ಬದಲಾವಣೆ ಕಂಡರೆ ಕ್ಲೇಮಿಗೆ ತಕರಾರು ತೆಗೆಯೋಕೆ ಅದೊಂದು ಸಾಕು. ವಾರಂಟಿ ಇದ್ದರೆ ಅದಕ್ಕೂ ಕುತ್ತು.

ಹಾಸನದ ತಮ್ಮನಿಗೆ

ತಮ್ಮಾ, ಈ ಗಾಡಿಗೆ ಬೇಡ. ನಿನ್ನ ಆಸೆ ತಪ್ಪು ಅಂತಲ್ಲ. ಹಿಂದಿನ ಸೀಟಲ್ಲಿ ದಿನಾ ಕೂರೋ ನಿನ್ನ ತಂಗಿಗೆ ಆ 20 ಮಿಲಿಮೀಟರಿನ ಲೆಕ್ಕ ಗೊತ್ತಿಲ್ಲ. ನೀನು ಗಾಡಿ ಸರಿ ಇಟ್ಟಿದ್ದೀಯ ಅಂತ ನಂಬಿ ಕೂರ್ತಾಳೆ. ಅದೇ ದುಡ್ಡಲ್ಲಿ ಸ್ವಲ್ಪ ತೆಗೆದು, ಅದೇ 140ರ ಅಳತೆಯಲ್ಲಿ ಒಳ್ಳೆ ಬ್ರ್ಯಾಂಡಿನ ಹೊಸ ಟೈರ್ ಹಾಕಿಸು, ಚೈನ್ ಸ್ಪ್ರಾಕೆಟ್ ಸವೆದಿದ್ದರೆ ಬದಲಾಯಿಸು. ಅಂದ ಬೇಕು ಅಂದ್ರೆ ಕಂಪನಿಯವರೇ ಕೊಡೋ ಸೀಟು, ಬ್ಯಾಕ್‌ರೆಸ್ಟ್ ನೋಡು. ಉಳಿದದ್ದು ಕೂಡಿಡು. ದಪ್ಪ ಟೈರೇ ಬೇಕು ಅಂದ್ರೆ ಮುಂದೊಂದು ದಿನ ಕಾರ್ಖಾನೆಯಿಂದಲೇ ಹಾಗೆ ಬರೋ ಗಾಡಿ ತಗೋ. ಸೂಪರ್ ಮೀಟಿಯರ್ 650, ಶಾಟ್‌ಗನ್ 650 ಎರಡರಲ್ಲೂ ಹಿಂದಿನ ಟೈರ್ 150 ಇದೆ.

ಪ್ರದರ್ಶನಕ್ಕೆ ಅಂತ ಗಾಡಿ ಕಟ್ಟೋರು ಗ್ಯಾರೇಜಿನವರಿಗೆ ಐದು ಪ್ರಶ್ನೆ ಕೇಳಿ. ರಿಮ್ ಎಷ್ಟು ಇಂಚು? ಸ್ವಿಂಗ್ ಆರ್ಮ್ ಹೊಸದಾ, ಕತ್ತರಿಸಿ ವೆಲ್ಡ್ ಮಾಡಿದ್ದಾ? ಚಕ್ರ ನಡುಗೆರೆಯಲ್ಲೇ ಕೂರುತ್ತಾ? ಮುಂದಿನ ಸ್ಪ್ರಾಕೆಟ್ ಎಷ್ಟು ಮಿ.ಮೀ. ಹೊರಕ್ಕೆ ಬರುತ್ತೆ? ಎಬಿಎಸ್ ಏನಾಗುತ್ತೆ? ಐದಕ್ಕೂ ಅಳತೆ ಸಮೇತ ಉತ್ತರ ಕೊಟ್ಟರೆ ಮಾತು ಮುಂದುವರಿಸಿ. "ಎಲ್ಲಾ ಆಗುತ್ತೆ ಬಾಸ್, ಟೆನ್ಷನ್ ಬೇಡ" ಅಂದ್ರೆ ಚಾ ಕುಡಿದು ಎದ್ದು ಬನ್ನಿ.

ಇವತ್ತು ಗಾಡಿ ನಿಲ್ಲಿಸಿದಾಗ ಒಂದು ಕೆಲಸ ಮಾಡಿ. ಮೊಬೈಲ್ ಟಾರ್ಚ್ ಹಾಕಿ ಹಿಂದಿನ ಟೈರಿನ ಪಕ್ಕದಲ್ಲಿ ಬರೆದಿರೋ ನಂಬರ್ ಓದಿ. ಅಳತೆಯ ಪಕ್ಕ 66 ಅಂತ ಇದ್ದರೆ ಆ ಟೈರು ಹೊರಬಲ್ಲ ಗರಿಷ್ಠ ಭಾರ 300 ಕೆ.ಜಿ. ಅಂತ ಅರ್ಥ. ಹೊಸ ಟೈರ್ ತಗೊಳ್ಳುವಾಗ ಈ ಸಂಖ್ಯೆ ಅದಕ್ಕಿಂತ ಕಡಿಮೆ ಆಗದ ಹಾಗೆ ನೋಡಿಕೊಳ್ಳಿ. ಪ್ರಶ್ನೆ ಇದ್ದರೆ ವಾಯ್ಸ್ ಮೆಸೇಜ್ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ, ಹೆಲ್ಮೆಟ್ ಪಟ್ಟಿ ಬಿಗಿ ಮಾಡ್ಕೊಂಡೇ ಹೊರಡಿ. ನಮಸ್ಕಾರ.